ಎರಡನೆಯ ಏಟು

ಟಿ. ದಾಸರಹಳ್ಳಿ, ಬೆಂಗಳೂರು
12 ಆಗಸ್ಟ್ 2024

ಅಣ್ಣಾ,

ಏಳಲಿ ಪರದೆ! ಕೂಗಲಿ ಹಾರ್ಮೋನಿಯಂ! ನಿನ್ನ ತಂಗಿಗೆ ಪಾತ್ರ ಸಿಕ್ಕಿದೆ.

ಯಲಹಂಕದ ಆಚೆ ನಾನು ಎಂ.ಎಸ್ಸಿ. ಓದುವ ವಿಶ್ವವಿದ್ಯಾಲಯದಲ್ಲಿ ಈ ವರ್ಷದಿಂದ ‘ಪೀರ್ ಟ್ಯೂಟರ್’ ಎಂಬ ಹೊಸ ಅವತಾರ ಬಂದಿದೆ. ವಿದ್ಯಾರ್ಥಿಗೆ ವಿದ್ಯಾರ್ಥಿಯೇ ಮೇಷ್ಟ್ರು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮಕಾಡೆ ಬಿದ್ದ ಬಿ.ಕಾಂ. ಹುಡುಗರನ್ನು ಎತ್ತಿ ನಿಲ್ಲಿಸುವುದು ನನ್ನ ಕೆಲಸ. ಇಪ್ಪತ್ತಾರು ಜನ ಅರ್ಜಿ ಹಾಕಿದ್ದೆವು, ಒಂಬತ್ತು ಜನರನ್ನು ತೆಗೆದುಕೊಂಡರು. ಎರಡು ದಿನ ತರಬೇತಿ ಕೊಟ್ಟವರು ಸ್ಮಿತಾ ಮೇಡಂ. ಧಾರವಾಡದ ಕಡೆಯವರು. ಅವರ ಗಂಟಲಿಗೆ ಮೈಕು ಬೇಕಿಲ್ಲ. “ಎದುರಿಗೆ ಕೂಡಬ್ಯಾಡ್ರಿ, ಬಾಜೂ ಕೂಡ್ರಿ. ಉತ್ತರ ಹೇಳಬ್ಯಾಡ್ರಿ, ಮೊದಲ್ನೇ ಹೆಜ್ಜಿ ತೋರಸ್ರಿ. ಮತ್ತ ಕೈ ಎಷ್ಟರೆ ತುರಸ್ಲಿ, ಪೆನ್ ಮುಟ್ಟಬ್ಯಾಡ್ರಿ! ಪೆನ್ ಯಾರ ಕೈಯಾಗ ಇರ್ತೈತೋ, ತಪ್ಪೂ ಅವರದು, ಸರೀನೂ ಅವರದು.”

ನನಗೆ ನಗು ಬಂತು. ನಾಟಕದ ದಿನ ಸೈಡ್‌ವಿಂಗಿನ ಮರೆಯಲ್ಲಿ ನನ್ನ ಕೈಗೆ ಪುಸ್ತಕ ಕೊಟ್ಟು, ನಾಟಕ ಕಲಿಸಿದ ಮಹಾಲಿಂಗಪ್ಪ ಮೇಷ್ಟ್ರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: “ಮಾತ್ ಮರೆತೋರ್ಗೆ ಮೊದಲ್ನೇ ಪದ ಎತ್ತಿಕೊಡು, ಪೂರ್ತಿ ಸಾಲು ಕೊಡ್ಬೇಡ. ಭೂಮಿ ಬಾಯ್ಬಿಟ್ರೂ ರಂಗದ್ ಮೇಲೆ ಕಾಲಿಡ್ಬೇಡ.” ಆಮೇಲೆ ನಗು ನಿಂತುಹೋಯಿತು. ಐದು ವರ್ಷದ ಹಿಂದಿನ ಆ ಭಾನುವಾರದ ನಂತರ ನಾನು ಯಾರಿಗೂ ಒಂದು ಪದ ಎತ್ತಿಕೊಟ್ಟಿರಲಿಲ್ಲ.

ನಮ್ಮ ಮುಂದೆ ಒಂದು ಪಟ್ಟಿ ಇಟ್ಟರು. ವಿದ್ಯಾರ್ಥಿಯ ಹೆಸರು, ಪಕ್ಕದಲ್ಲಿ ತಂದೆಯ ಹೆಸರು. ಬೇಕಾದವರನ್ನು ನಾವೇ ಆರಿಸಿಕೊಳ್ಳಬಹುದು. ಆರಿಸಿಕೊಂಡೆ. ಒಬ್ಬ ಹುಡುಗ. ಎರಡು ಸಲ ಫೇಲ್. ಜನವರಿಯದು ಕೊನೆಯ ಅವಕಾಶ. ಅಷ್ಟೇ ಸಾಕು ಸದ್ಯಕ್ಕೆ.

ಅಮ್ಮ ಗಾರ್ಮೆಂಟ್ಸ್‌ನಿಂದ ಬಂದು ಕಾಲು ನೀವಿಕೊಳ್ಳುತ್ತಾ ದಿನವೂ ಒಂದೇ ಮಾತು: “ಮುನೇಶ ಯಾವಾಗ್ ಬರ್ತಾನಂತೆ?”

ನಿನ್ನ ಶಿಲ್ಪ

*

ಕೇಂದ್ರ ಕಾರಾಗೃಹ, ಮೂರನೇ ಬ್ಯಾರಕ್
25 ಆಗಸ್ಟ್ 2024

ಎಲೈ ಸಹೋದರಿ!

ಭಲೇ! ಭಲೇ! ನಿನ್ನ ಪತ್ರವನ್ನು ಬ್ಯಾರಕ್ಕಿನ ನಟ್ಟನಡುವೆ ನಿಂತು, ಕಂಬಳಿಯನ್ನೇ ಪೀತಾಂಬರ ಮಾಡಿ ಹೊದ್ದು, ಮೂವತ್ತೆಂಟು ಕೈದಿಗಳ ಕಿವಿ ಗುಂಯ್ ಎನ್ನುವಂತೆ ಓದಿದೆ. ಕಚೇರಿಯವರು ಮೊದಲೇ ಓದಿ ‘ಪರಿಶೀಲಿಸಿದೆ’ ಎಂದು ಮೊಹರು ಗುದ್ದಿರುತ್ತಾರೆ. ಬರುವ ಪತ್ರಕ್ಕೂ ಗುದ್ದು, ಹೋಗುವ ಪತ್ರಕ್ಕೂ ಗುದ್ದು. ಇರಲಿ ಬಿಡು, ಕಲಾವಿದನಿಗೆ ಪ್ರೇಕ್ಷಕರು ಎಷ್ಟಿದ್ದರೂ ಕಡಿಮೆಯೇ!

ನಾನೂ ಮೇಷ್ಟ್ರಾಗಿದ್ದೇನೆ ಕಣೇ. ವೀರಬಸಪ್ಪ ಎಂಬ ಮುದುಕನಿಗೆ ಸಹಿ ಕಲಿಸುತ್ತಿದ್ದೇನೆ. ‘ವೀ’ ಒಂದಕ್ಕೇ ಒಂದು ತಿಂಗಳು ತಿಂದ. ತಾಳ್ಮೆ ತಪ್ಪಿದರೆ ಅವನ ಕೈಯನ್ನು ಗಪ್ಪನೆ ಹಿಡಿದು ನಾನೇ ಬರೆಸಿಬಿಡುತ್ತೇನೆ. ನಿನ್ನ ಮೇಡಮ್ಮಿಗೆ ಹೇಳಬೇಡ.

ಅಮ್ಮನಿಗೆ ಹೇಳು, ಪೆರೋಲಿಗೆ ಮೂರನೇ ಸಲ ಅರ್ಜಿ ಹಾಕಿದ್ದೇನೆ. ಒಂದು ತಿಂಗಳು ಮನೆಗೆ ಬಂದು ಅವಳ ಕೈಯ ಮುದ್ದೆ ಉಣ್ಣಬೇಕು. ಆದರೆ ಪೊಲೀಸರು ಸತ್ತವನ ಮನೆಗೆ ಹೋಗಿ ‘ಆಕ್ಷೇಪಣೆ ಇದೆಯೇ’ ಎಂದು ಕೇಳಿ ಬರೆಸಿಕೊಳ್ಳುತ್ತಾರಲ್ಲ, ಎರಡು ಸಲವೂ ರಾಮಕೃಷ್ಣಪ್ಪನ ಹೆಂಡತಿ ‘ಇದೆ’ ಎಂದು ಬರೆದುಕೊಟ್ಟಳು. ಏನಿದೆ? ನ್ಯಾಯಾಲಯವೇ ಕೊಲೆಯಲ್ಲ ಎಂದಿದೆ! ತಗಡಿನ ಗದೆ ಮುರಿದಿತ್ತು, ಗರಡಿಮನೆಯ ಮರದ ಗದೆ ತಂದೆ. ನಾನು ಚಂಡವಿಕ್ರಮ, ಅವನು ಮಾರ್ತಾಂಡನಾಯಕ. ಮೊದಲ ಏಟಿಗೆ ಧರೆಗುರುಳಿದ. ಸಾವಿರ ಜನ ‘ಒನ್ಸ್ ಮೋರ್’ ಎಂದು ಗುಡುಗಿದರು. ಒನ್ಸ್ ಮೋರ್ ಬಂದರೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಸಾಯಬೇಕು, ಅದು ನಮ್ಮ ನಾಟಕದ ಧರ್ಮ. ನಟನೆಯೆಂದೇ ತಿಳಿದು ಎರಡನೆಯ ಏಟು ಹಾಕಿದೆ. ಅಷ್ಟೇ! ಅಷ್ಟಕ್ಕೆ ಹತ್ತು ವರ್ಷ!

ಈಗ ಆ ಮನೆಗೆ ಮಗನೇ ಯಜಮಾನನಂತೆ. ಈ ಸಲ ಅವನ ಕೈಯಲ್ಲೇ ಬರೆಸುತ್ತಾರಂತೆ. ಅವನ ಮನಸ್ಸು ಎಂಥದೋ.

ಚಂಡವಿಕ್ರಮ ಮುನೇಶ್

*

ಟಿ. ದಾಸರಹಳ್ಳಿ
9 ಸೆಪ್ಟೆಂಬರ್ 2024

ಅಣ್ಣಾ,

ಅಕ್ಷರ ನೋಡಿ ಗಾಬರಿಯಾಗಬೇಡ, ಎಡಗೈ ಬರಹ. ಹೆಬ್ಬಾಳದಲ್ಲಿ ಬಸ್ಸಿನ ಮೆಟ್ಟಿಲು ಜಾರಿ ಬಲಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ. ಪಾಠ ನಿಲ್ಲಿಸಿಲ್ಲ. ಪೆನ್ನು ಮುಟ್ಟಬಾರದೆಂಬ ನಿಯಮ ಈಗ ತಾನಾಗಿಯೇ ಪಾಲನೆಯಾಗುತ್ತಿದೆ. ಹುಡುಗ ಜಾಣ. ಸಿಟ್ಟು ಜಾಸ್ತಿ.

ಹೆಚ್ಚು ಬರೆಯಲಾಗುತ್ತಿಲ್ಲ.

ಶಿಲ್ಪ

*

ಕೇಂದ್ರ ಕಾರಾಗೃಹ
20 ಸೆಪ್ಟೆಂಬರ್ 2024

ಶಿಲ್ಪಾ,

ಸುಳ್ಳು! ಆಕಾಶಕ್ಕೂ ಪಾತಾಳಕ್ಕೂ ಏಣಿ ಹಾಕುವಷ್ಟು ದೊಡ್ಡ ಸುಳ್ಳು! ಅಮ್ಮ ಫೋನಿನಲ್ಲಿ “ಕಾಲೇಜಲ್ಲಿ ಅದೇನೋ ಸ್ಟೂಲು ಬಿತ್ತಂತೆ ಕಣಪ್ಪ” ಅಂದಳು. ನಿನ್ನ ಪತ್ರದಲ್ಲಿ ಬಸ್ಸು. ಹೆಬ್ಬಾಳಕ್ಕೆ ಬರುವಷ್ಟರಲ್ಲಿ ಸ್ಟೂಲಿಗೆ ಚಕ್ರ ಬಂತೇ?

ಯಾರವನು? ಆ ಸಿಟ್ಟಿನ ಹುಡುಗನೇ? ಹೆಸರು ಬರೆ. ಅಪ್ಪ ಸತ್ತ ದಿನ ನಿನ್ನನ್ನು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದವನು ನಾನು. ಆ ಕೈಗೆ ನಾನು ಬಳಪ ಹಿಡಿಸಿದ್ದೇನೆ. ಅದನ್ನು ಮುರಿದವನ ಬೆರಳುಗಳನ್ನು ಕಬ್ಬಿನ ಗೆಣ್ಣಿನಂತೆ ಒಂದೊಂದಾಗಿ ಲಟಲಟನೆ ಮುರಿಯುತ್ತೇನೆ. ಮೊಹರು ಗುದ್ದುವವರು ಇದನ್ನೂ ಓದಿಕೊಳ್ಳಲಿ!

ನಿನ್ನ ಸೊಟ್ಟ ಅಕ್ಷರ ನೋಡಿ ಪಕ್ಕದವನೊಬ್ಬ, “ಏನ್ ಗುರು, ನಿನ್ ತಂಗಿ ಕಾಲಲ್ಲಿ ಬರೀತಾಳಾ?” ಅಂದ. ಊಟದ ತಟ್ಟೆಯನ್ನು ಅಂಚು ಮುಂದಾಗಿ ಬೀಸಿದೆ. ತುಟಿ ಸೀಳಿತು. ಎರಡು ಹಲ್ಲು ಅವನ ಸಾರಿನಲ್ಲೇ ಬಿದ್ದವು. ಬಿಡಿಸಲು ಬಂದ ವೀರಬಸಪ್ಪನ ಹಣೆಗೂ ಬಿತ್ತು, ಐದು ಹೊಲಿಗೆ. ಮುದುಕ ಈಗ ಸಹಿ ಕಲಿಯಲು ಬರುತ್ತಿಲ್ಲ. ನನಗೆ ಒಂದು ತಿಂಗಳು ಫೋನು ಬಂದ್. ಬಂದಾಗಲಿ.

ಹೆಸರು ಬರೆ.

ಮುನೇಶ್

*

ಟಿ. ದಾಸರಹಳ್ಳಿ
6 ಅಕ್ಟೋಬರ್ 2024

ಅಣ್ಣಾ,

ಹೆಸರು ಬೇಕೇ? ತಗೋ. ವಾಸು. ತಂದೆ ದಿವಂಗತ ರಾಮಕೃಷ್ಣಪ್ಪ.

ಈಗ ಮುರಿ, ಯಾವ ಬೆರಳಿನಿಂದ ಶುರು ಮಾಡುತ್ತೀಯೋ ಮಾಡು.

ಆ ಪಟ್ಟಿಯಲ್ಲಿ ಹೆಸರು ಕಂಡಾಗ ಎರಡೆರಡು ಸಲ ಓದಿದೆ. ಬೇರೆ ಯಾರನ್ನಾದರೂ ಆರಿಸಬಹುದಿತ್ತು. ನಾನು ಅವನ ಹೆಸರಿನ ಮುಂದೆಯೇ ಗುರುತು ಹಾಕಿದೆ. ಯಾಕೆಂದು ಕೇಳಬೇಡ, ಇನ್ನೂ ಹೇಳುವ ಧೈರ್ಯವಿಲ್ಲ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ಸೈಡ್‌ವಿಂಗಿನಲ್ಲಿ ನಿಂತವಳ ಮುಖ ಯಾರು ನೋಡುತ್ತಾರೆ?

ಮೂರನೇ ಪಾಠದ ದಿನ ನಡೆದದ್ದು ಇದು. ಲೈಬ್ರರಿಯ ಮಹಡಿ, ಮಧ್ಯಾಹ್ನ ಮೂರು ಗಂಟೆ. ಎರಡು ವರ್ಷದಿಂದ ಅವನಿಗೆ ಒಲಿಯದ ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಅವತ್ತು ಮೊದಲ ಸಲ ಸರಿ ಬಂತು. ನನಗೆ ಹಿಡಿಸಲಾರದ ಖುಷಿ. ನಾಟಕದ ಮನೆಯಲ್ಲಿ ಬೆಳೆದ ನಾಲಿಗೆ ನೋಡು, ಚಪ್ಪಾಳೆ ತಟ್ಟಿ “ಸೂಪರ್ ವಾಸು! ಒನ್ಸ್ ಮೋರ್!” ಅಂದುಬಿಟ್ಟೆ.

ಅವನು ಪೆನ್ನು ಬಿಸಾಡಿದ. ಎದ್ದ. ಕೂತಿದ್ದ ಕಬ್ಬಿಣದ ಸ್ಟೂಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ. ಅಣ್ಣಾ, ನಾನು ಕಂಡದ್ದು ಅವನನ್ನಲ್ಲ, ನಿನ್ನನ್ನು. ಅದೇ ಎತ್ತಿದ ಕೈ, ಅದೇ ತಿರುವು. ಅವನು ಗೋಡೆಗೆ ಎಸೆಯಲು ಹೋದನಂತೆ. ನಾನು ತಲೆಗೆ ಕೈ ಅಡ್ಡ ಕೊಟ್ಟೆ. ಎಲುಬು ಮುರಿದ ಸದ್ದು ಅವನಿಗೂ ಕೇಳಿಸಿತು. ಅವನೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ “ನಿಮ್ಗಲ್ಲ ಅಕ್ಕ, ನಿಮ್ಗಲ್ಲ ಅಕ್ಕ” ಎನ್ನುತ್ತಾ ತನ್ನ ತಲೆಯನ್ನು ಆಟೋದ ಕಂಬಿಗೆ ಚಚ್ಚಿಕೊಂಡ.

ಸ್ಮಿತಾ ಮೇಡಂ ದೂರು ಬರೆದುಕೊಡು ಅಂದರು. ಕೊಡಲಿಲ್ಲ. “ಹಂಗಾದ್ರ ಬಾಗ್ಲಾ ತೆರದಿರ್ಲಿ, ನಾ ಹೊರಗ ಕುಂತಿರ್ತೀನಿ” ಅಂದವರು ಇವತ್ತಿನವರೆಗೂ ಕೂರುತ್ತಿದ್ದಾರೆ. ಅವನೂ ಒಂದು ಪಾಠ ತಪ್ಪಿಸಿಲ್ಲ.

ಶಿಲ್ಪ

*

ಕೇಂದ್ರ ಕಾರಾಗೃಹ
18 ಅಕ್ಟೋಬರ್ 2024

ಎಲೈ ಚತುರೆ! ಎಲೈ ಕುಲೋದ್ಧಾರಕಿ!

ಪತ್ರ ಓದಿ ಮೂರು ದಿನ ನಿದ್ದೆ ಮಾಡಲಿಲ್ಲ. ನಾಲ್ಕನೇ ದಿನ ಹೊಳೆಯಿತು. ನಿನ್ನ ಬುದ್ಧಿಗೆ ಸಾಷ್ಟಾಂಗ! ನೇರವಾಗಿ ಹೇಳಬಾರದೇ? ಶತ್ರುವಿನ ಕೋಟೆಯೊಳಗೆ ಮೇಷ್ಟ್ರ ವೇಷದಲ್ಲಿ ಹೊಕ್ಕಿದ್ದೀಯ. ಕೈ ಮುರಿದರೂ ದೂರು ಕೊಡದೆ ಅವನನ್ನು ಋಣದಲ್ಲಿ ಕೆಡವಿದ್ದೀಯ. ಇನ್ನೇನು ಬೇಕು?

ಪೊಲೀಸರು ಜನವರಿ ಹೊತ್ತಿಗೆ ಫಾರಂ ತರುತ್ತಾರಂತೆ. ಅದಕ್ಕೂ ಮೊದಲು ಹುಡುಗನನ್ನು ಪೂರ್ತಿ ಬಗ್ಗಿಸು. ‘ಆಕ್ಷೇಪಣೆ ಇಲ್ಲ’ ಎಂಬ ಎರಡೇ ಪದ. ಬರೆಯಲು ಅವನ ಕೈ ನಡುಗಿದರೆ ನೀನೇ ಬರೆದುಬಿಡು, ಸಹಿ ಮಾತ್ರ ಹಾಕಿಸು. ಒಪ್ಪದಿದ್ದರೆ ಮುರಿದ ಕೈ ತೋರಿಸು. ಪೊಲೀಸು, ಕೇಸು, ಕಾಲೇಜಿನಿಂದ ಡಿಬಾರು, ಎಲ್ಲ ಹೇಳಿ ಹೆದರಿಸು. ಹೆದರದಿದ್ದರೆ ಅವನಪ್ಪನಿಗೆ ಏನಾಯಿತೆಂದು ನೆನಪಿಸು.

ಅಮ್ಮನಿಗೆ ರಾಗಿ ಬೀಸಿಸಿಡಲು ಹೇಳು. ಬರುತ್ತಿದ್ದಾನೆ ಚಂಡವಿಕ್ರಮ!

ಮುನೇಶ್

*

ಟಿ. ದಾಸರಹಳ್ಳಿ
3 ನವೆಂಬರ್ 2024

ಮುನೇಶಣ್ಣಾ,

ಅವನಪ್ಪನಿಗೆ ಏನಾಯಿತೆಂದು ನೆನಪಿಸಬೇಕೇ? ನಾನು? ಅವನಿಗೆ? ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ನಾಚಿಕೆಯಾಯಿತು.

ಗುರುವಾರ ಅವನಿಗೆ ನಾನು ಯಾರೆಂದು ಹೇಳಿದೆ. ಬಗ್ಗಿಸಲಿಕ್ಕಲ್ಲ. ಬಾಜೂ ಕೂತು ಸುಳ್ಳು ಹೇಳುವುದು ಇನ್ನು ನನ್ನಿಂದ ಆಗುತ್ತಿರಲಿಲ್ಲ. ಅವನು ನನ್ನ ಪ್ಲಾಸ್ಟರಿನ ಕೈಯನ್ನು ಹಿಡಿದು ಮೇಜಿಗೆ ಅಪ್ಪಳಿಸಿದ. ಪ್ಲಾಸ್ಟರ್ ಒಡೆದು ಪುಡಿ ಹಾರಿತು. ನೋವಿಗೆ ನನಗೆ ಮೂತ್ರ ಹೋಯಿತು ಅಣ್ಣಾ, ಬರೆಯಲು ನಾಚಿಕೆಯಿಲ್ಲ. ಸ್ಮಿತಾ ಮೇಡಂ ಒಳಗೆ ನುಗ್ಗಿ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದರು. ಗೋಡೆಗೆ ಒತ್ತಿಸಿಕೊಂಡೇ ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ, ಕೇಳು.

“ಮುಂದಿನ್ ಸಾಲಲ್ಲಿ ಕೂತಿದ್ದೆ ಅಕ್ಕ. ಹದಿನಾಲ್ಕ್ ವರ್ಷ ನಂಗೆ. ಅಪ್ಪ ಬಿದ್ರಲ್ಲ, ಆಕ್ಟಿಂಗ್ ಅಷ್ಟ್ ಚೆನ್ನಾಗಿದೆ ಅನ್ಕೊಂಡೆ. ನಾನೇ ಮೊದ್ಲು ಕೂಗಿದ್ದು, ಒನ್ಸ್ ಮೋರ್ ಅಂತ. ಆಮೇಲೆ ಎಲ್ರೂ ಕೂಗಿದ್ರು. ನಾನ್ ಕೂಗ್ದೆ ಇದ್ದಿದ್ರೆ ಎರಡ್ನೇ ಏಟು ಬೀಳ್ತಿರ್ಲಿಲ್ಲ ಅಲ್ವಾ? ಕೋರ್ಟಲ್ಲಿ ನಿಮ್ಮಣ್ಣನೇ ಹಂಗೆ ಹೇಳಿದ್ದು. ಅಮ್ಮಂಗೆ ಇವತ್ತಿನ್ ತನಕ ಹೇಳಿಲ್ಲ.”

ನಿನ್ನನ್ನು ಗಲ್ಲಿನಿಂದ ಉಳಿಸಿದ ಆ ಒಂದು ಮಾತು ಐದು ವರ್ಷದಿಂದ ಆ ಹುಡುಗನ ಕುತ್ತಿಗೆಗೆ ಉರುಳಾಗಿ ಬಿಗಿಯುತ್ತಿದೆ.

ಇನ್ನು ನನ್ನದು. ನೀನು ಕೇಳದಿದ್ದರೂ ಹೇಳುತ್ತೇನೆ. ಅವತ್ತು ಬಣ್ಣದ ಎಣ್ಣೆ ತಾಗಿ ಪುಸ್ತಕದ ಎರಡು ಹಾಳೆ ಅಂಟಿಕೊಂಡಿದ್ದವು. ಒಟ್ಟಿಗೇ ತಿರುವಿದೆ. ರಾಮಕೃಷ್ಣಪ್ಪನವರ ಪದ್ಯ ಬಿಟ್ಟು ನಿನ್ನ ಸಾಲು ಎತ್ತಿಕೊಟ್ಟೆ. ಪದ್ಯ ಮುಗಿಸಿ ಅವರು ಎಡಕ್ಕೆ ಬಾಗಬೇಕು, ಆಮೇಲೆ ನೀನು ಬೀಸಬೇಕು, ಅದು ಅಭ್ಯಾಸದಲ್ಲಿ ಮಾಡಿದ್ದು. ಅವರು ಬಾಗಲಿಲ್ಲ. ತಮ್ಮ ಪದ್ಯದ ಮೊದಲ ಪದಕ್ಕಾಗಿ ನನ್ನ ಕಡೆ ನೋಡುತ್ತಾ ನಿಂತಿದ್ದರು. ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಾಗಲೇ ಗದೆ ಬಂತು. ಅದಕ್ಕೇ ಅವರ ಮಗನನ್ನು ಆರಿಸಿದೆ. ಅವರಿಗೆ ಕೊಡದೆ ಉಳಿದ ಪದವನ್ನು ಅವನಿಗಾದರೂ ಕೊಡೋಣವೆಂದು.

ವಾಸುವಿನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುವುದಿಲ್ಲ. ಪೆನ್ನು ನಿನ್ನ ಕೈಯಲ್ಲಿದೆ.

ಶಿಲ್ಪ

*

ಕೇಂದ್ರ ಕಾರಾಗೃಹ
29 ಡಿಸೆಂಬರ್ 2024

ಶಿಲ್ಪಾ,

ಎಂಟು ವಾರ ಬರೆದು ಬರೆದು ಹರಿದೆ. ಬರೆದದ್ದೆಲ್ಲ ನಾಟಕದ ಮಾತಾಗುತ್ತಿತ್ತು.

ಹೋದ ವಾರ ವೀರಬಸಪ್ಪ ತಾನಾಗಿಯೇ ಬಂದು ಪಕ್ಕದಲ್ಲಿ ಕೂತ. ಹಣೆಯ ಮೇಲೆ ನಾನು ಹಾಕಿಸಿದ ಹೊಲಿಗೆಯ ಗುರುತು. ಅಭ್ಯಾಸಬಲದಿಂದ ಅವನ ಕೈ ಹಿಡಿಯಲು ಹೋದೆ. “ಕೈ ಬಿಡಪಾ, ಸೊಟ್ಟಾದ್ರೂ ನಂದಾಗ್ಲಿ” ಅಂದ. ಬರೆದ. ಸೊಟ್ಟಗಿತ್ತು. ಅವನದೇ ಇತ್ತು.

ತಗಡಿನ ಗದೆ ಮುರಿದಿರಲಿಲ್ಲ. ಆ ಬೆಳಿಗ್ಗೆ ಬಣ್ಣದ ಕೋಣೆಯಲ್ಲಿ ರಾಮಕೃಷ್ಣಪ್ಪ ಎಲ್ಲರ ಎದುರು ನನ್ನ ಕೆನ್ನೆಗೆ ಹೊಡೆದರು. ಫ್ಯಾಕ್ಟರಿಯಲ್ಲಿ ನನ್ನ ಸೂಪರ್‌ವೈಸರ್ ಅವರು. “ಮಿಷನ್ ಒರ್ಸೋನಿಗೆ ಕಿರೀಟ ಬೇರೆ ಕೇಡು” ಅಂದರು. ಐದು ಬೆರಳು ಮೂಡಿದ್ದವು. ಅದರ ಮೇಲೇ ಬಣ್ಣ ಬಳಿದುಕೊಂಡೆ. ಆಮೇಲೆ ಗರಡಿಗೆ ಹೋಗಿ ಗದೆ ತಂದೆ. ಯಾಕೆ ತರುತ್ತಿದ್ದೇನೆಂದು ತರುವಾಗಲೇ ಗೊತ್ತಿತ್ತು.

ನೀನು ಹಾಳೆ ಹಾರಿಸಿದ್ದೂ ನನಗೆ ಅವತ್ತೇ ಗೊತ್ತು. ಅವರು ಬಾಗಿಲ್ಲ ಎಂದು ಕಂಡೆ. ಕಂಡು ಬೀಸಿದೆ. ನೀನು ಸರಿಯಾದ ಪುಟ ತೆರೆದಿದ್ದರೆ ಅವರು ಬಾಗುತ್ತಿದ್ದರು, ನಾನು ಬಾಗಿದ ತಲೆಯನ್ನೇ ಹುಡುಕಿ ಹೊಡೆಯುತ್ತಿದ್ದೆ. ನೀನು ಆ ಪುಸ್ತಕ ಕೆಳಗಿಡು.

ಇನ್ನು ಮುಂದಿನದು ವಾಸುವಿಗೆ. ನೀನು ಓದಿ ಹೇಳಬೇಡ, ಅವನ ಕೈಗೇ ಕೊಡು.

ವಾಸು, ನಾನು ಮುನೇಶ. ಮೊದಲ ಏಟಿಗೆ ನಿಮ್ಮ ತಂದೆ ಸತ್ತಿರಲಿಲ್ಲ. ಬಿದ್ದು ಕಣ್ಣು ಬಿಟ್ಟರು. ಕಿವಿಯಿಂದ ರಕ್ತ ಬರುತ್ತಿತ್ತು. “ಸಾಕು ಮುನೇಶ” ಅಂದರು. ನಾಟಕದ ಮಾತಲ್ಲ ಅದು, ಮನೆಯ ಮಾತು. ನನಗೆ ಅರ್ಥವಾಯಿತು. ಆಗಲೇ ಗದೆ ಎತ್ತಿದೆ. ಅದು ನನ್ನ ತಲೆಯ ಮೇಲಿದ್ದಾಗ ನಿನ್ನ ಕೂಗು ಕೇಳಿಸಿತು. ನಿನ್ನ ಕೂಗು ಗದೆಯನ್ನು ಎತ್ತಲಿಲ್ಲ. ಸಾವಿರ ಜನ ‘ಬೇಡ’ ಎಂದು ಕೂಗಿದ್ದರೂ ಅದು ಕೆಳಗೆ ಬರುತ್ತಿತ್ತು. ಒನ್ಸ್ ಮೋರ್‌ಗೆ ಹೊಡೆದೆ ಎಂದು ಕೋರ್ಟಿನಲ್ಲಿ ಹೇಳಿದ್ದು ಬದುಕಿಕೊಳ್ಳಲು. ಆ ಸುಳ್ಳಿನ ಬಾಡಿಗೆ ನೀನು ಕಟ್ಟುತ್ತಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆಗ ಹೇಳುತ್ತಿದ್ದೆನೋ ಇಲ್ಲವೋ. ಪೊಲೀಸರ ಫಾರಂ ಬಂದಾಗ ನಿನಗೆ ಅನ್ನಿಸಿದ್ದು ಬರೆ.

ಮೊಹರು ಗುದ್ದುವ ಸಾಹೇಬರೇ, ನೀವು ಓದುತ್ತೀರೆಂದು ತಿಳಿದೇ ಬರೆದಿದ್ದೇನೆ. ಯಾರಿಗೆ ತೋರಿಸಬೇಕೋ ತೋರಿಸಿ. ಆದರೆ ಈ ಪತ್ರ ತಡೆಯಬೇಡಿ.

ಮುನೇಶ

*

ಟಿ. ದಾಸರಹಳ್ಳಿ
19 ಜನವರಿ 2025

ಅಣ್ಣಾ,

ಪತ್ರ ಬಂತು. ಮೊಹರಿತ್ತು, ಒಂದು ಸಾಲೂ ಹೊಡೆದುಹಾಕಿರಲಿಲ್ಲ.

ವಾಸು ಕಿಟಕಿಯ ಹತ್ತಿರ ನಿಂತು ಓದಿದ. ಓದಿ ಮಡಚಿದ, ಮತ್ತೆ ಬಿಡಿಸಿ ಓದಿದ. ಆಮೇಲೆ ಕಿಟಕಿಯ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಗಾಜು ಒಡೆಯಿತು, ಕೈ ಸೀಳಿತು, ಗೋಡೆಯುದ್ದ ರಕ್ತ. ಸ್ಮಿತಾ ಮೇಡಂ ತಮ್ಮ ದುಪಟ್ಟಾ ಹರಿದು ಕಟ್ಟುತ್ತಿದ್ದರೆ ಅವನು ನನ್ನ ಕಡೆ ತಿರುಗಿ ಕೇಳಿದ: “ಸಾಕು ಅಂದ್ರಾ ಅಪ್ಪ? ಸಾಕು ಅಂದ್ರಾ?” ಬಿಕ್ಕಳಿಸಿ ಅತ್ತ. ಐದು ವರ್ಷದಲ್ಲಿ ಅಪ್ಪನಿಗಾಗಿ ಅತ್ತದ್ದು ಅದೇ ಮೊದಲಂತೆ. ಅಲ್ಲಿಯವರೆಗೆ ಹೆದರಿಕೆಗೇ ಸಮಯ ಸಾಲುತ್ತಿರಲಿಲ್ಲವಂತೆ.

ಅವತ್ತೇ ಮನೆಗೆ ಹೋಗಿ ಅವರಮ್ಮನಿಗೆ ಎಲ್ಲ ಹೇಳಿದನಂತೆ. ಅವರು ಏನಂದರೆಂದು ನಾನು ಕೇಳಲಿಲ್ಲ.

ಹದಿನಾಲ್ಕಕ್ಕೆ ಪೊಲೀಸರು ಫಾರಂ ತಂದರು. ಅವನು ಬರೆದದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ನನಗೆ ತೋರಿಸಿದ. ‘ಆಕ್ಷೇಪಣೆ ಇದೆ.’ ಗಾಯದ ಕೈಯಲ್ಲಿ ಬರೆದ ಸೊಟ್ಟ ಅಕ್ಷರ. “ಇದೆ ಅಕ್ಕ, ಇನ್ನೂ ಇದೆ. ನಿಮ್ಮಣ್ಣಂಗೆ ಹಂಗೇ ಬರೀರಿ” ಅಂದ. ಬರೆದಿದ್ದೇನೆ.

ಅಮ್ಮನಿಗೂ ನಿನ್ನ ಪತ್ರ ಓದಿದೆ. ಮುದ್ದೆಗೆ ಎಸರಿಟ್ಟಿದ್ದಳು. ಒಲೆ ಆರಿಸಿ ಗೋಡೆಗೆ ಒರಗಿ ಕೂತಳು. “ಸುಳ್ಳ್ ಹೇಳ್ಕೊಂಡ್ ಬರೋದಕ್ಕಿಂತ ಅಲ್ಲೇ ಇರ್ಲಿ ಬಿಡು” ಅಂದವಳು ಮತ್ತೆ ಒಲೆ ಹಚ್ಚಿದಳು.

ಇವತ್ತು ಕೊನೆಯ ಪಾಠ. ನಾಡಿದ್ದು ಪರೀಕ್ಷೆ. ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದೆ. ಬಂದ. ಎಂದಿಗಿಂತ ಒಂದು ಮೊಳ ದೂರದಲ್ಲಿ ಸ್ಟೂಲು ಹಾಕಿಕೊಂಡ. ಅದೇ ಹಳೆಯ ಲೆಕ್ಕ ಮಾಡಿ ನನ್ನ ಮುಂದೆ ತಳ್ಳಿದ.

“ಸರಿ ಇದ್ಯಾ?”

“ಇಲ್ಲ. ನಾಲ್ಕ್ನೇ ಹೆಜ್ಜೆ ನೋಡ್ಕೋ.”

ನೋಡಿದ. ಹಲ್ಲು ಕಚ್ಚಿದ. ಕಟ್ಟು ಕಟ್ಟಿದ ಕೈಯಲ್ಲಿ ಹಾಳೆಯನ್ನು ಮುದುರಿ ನೆಲಕ್ಕೆ ಎಸೆದ. ಬಾಗಿಲಾಚೆ ಸ್ಮಿತಾ ಮೇಡಂ ಎದ್ದು ನಿಂತದ್ದು ಕಂಡಿತು. ಅವನು ಹೊಸ ಹಾಳೆ ತೆಗೆದ. “ಹೇಳಿ ಅಕ್ಕ, ಆ ಮಾತು. ಅವತ್ತು ಹೇಳಿದ್ರಲ್ಲ, ಅದು.”

ಪ್ಲಾಸ್ಟರ್ ಬಿಚ್ಚಿದ ಕೈ ಮೇಜಿನ ಮೇಲಿತ್ತು, ಪೆನ್ನಿಗೆ ಒಂದು ಗೇಣು ದೂರ. ಅಲ್ಲೇ ಇಟ್ಟುಕೊಂಡೆ.

ಅವನು ತಾನೇ, ತನಗೆ ಮಾತ್ರ ಕೇಳುವಂತೆ, “ಒನ್ಸ್ ಮೋರ್” ಅಂದುಕೊಂಡು ಮೊದಲ ಹೆಜ್ಜೆಯಿಂದ ಶುರು ಮಾಡಿದ.

ಶಿಲ್ಪ